ಇಪ್ಪತ್ನಾಲ್ಕು ಬಾಟಲಿಯ ಮಾತು

ಡಬ್ಬಿ ಮಿರಜಿನ ಹತ್ತಿರದ ನಮ್ಮ ಕುಪವಾಡದ ಮನೆಗೆ ಬಂದದ್ದು ಡಿಸೆಂಬರ್ ಮೊದಲ ವಾರದಲ್ಲಿ. ಕೊರಿಯರಿನವನು ಹೊಸ್ತಿಲ ಮೇಲಿಟ್ಟು ಸಹಿ ಕೇಳಿದ. ಬೀರವ್ವ ಎಂದು ಬರೆದುಕೊಟ್ಟೆ. ಐವತ್ತು ದಾಟಿದ ಮೇಲೆ ರಾತ್ರಿ ಶಾಲೆಯಲ್ಲಿ ಕಲಿತ ಮರಾಠಿ ಅಕ್ಷರ. ಇಂಥದ್ದಕ್ಕೂ ಬಳಕೆಯಾದೀತೆಂದು ಮಾಸ್ತರರು ಅಂದುಕೊಂಡಿರಲಿಕ್ಕಿಲ್ಲ. ಡಬ್ಬಿಯೊಳಗೆ ಮನೆಯಲ್ಲೇ ಬಿಯರ್ ಮಾಡುವ ಸಾಮಾನು ಇತ್ತು.

ತರಿಸಿದವನು ನನ್ನ ಅಳಿಯ ಅಜಿತ. ಅಳಿಯನಾಗುವ ಮೊದಲೇ ಅವನು ನನ್ನ ಅಣ್ಣ ಜ್ಯೋತೆಪ್ಪನ ಮಗ. ಮ್ಹೈಸಾಳದಲ್ಲಿ ಕುರಿಗಳ ನಡುವೆ ನನ್ನ ಕಂಕುಳಲ್ಲಿ ಬೆಳೆದವನು. ಈಗ ಇಲ್ಲಿಯದೇ ಒಂದು ಫೌಂಡ್ರಿಯಲ್ಲಿ ಕೆಲಸ, ಮನೆ ಬುಧಗಾಂವದಲ್ಲಿ. ಫೌಂಡ್ರಿಗೂ ಮನೆಗೂ ನಡುವೆ ಮೂರು ಮೆಟ್ಟಿಲಿನ ಒಂದು ಸರಾಯಿ ಅಂಗಡಿ ಇದೆ. ಆ ಮೂರು ಮೆಟ್ಟಿಲು ದಿನಾ ಹತ್ತಿ ಇಳಿದೇ ಅವನು ಮನೆ ಸೇರುತ್ತಿದ್ದ.

ನನ್ನ ಮಗಳು ಮನಿಷಾ ದೀಪಾವಳಿಯ ಮೂರನೇ ದಿನ ಒಂದು ಬ್ಯಾಗು ಹಿಡಿದುಕೊಂಡು ನನ್ನ ಮನೆಗೆ ಬಂದಳು. ಅಳಲಿಲ್ಲ. ಚಹಾ ಕುಡಿದು ಲೋಟ ತೊಳೆದಿಟ್ಟ ಮೇಲೆ ಹೇಳಿದಳು.

"ಅವ್ವಾ, ಹೊಡಿಯೂದಿಲ್ಲ, ಬೈಯೂದಿಲ್ಲ. ಆದ್ರ ಸಂಜಿ ಆರ ಹೊಡದ ಮ್ಯಾಲೆ ಆ ಮನ್ಯಾಗ ಯಾರೂ ಇರೂದಿಲ್ಲ. ಅವರು ಬಂದ ಕುಂತ್ರೂ ಯಾರೂ ಇರೂದಿಲ್ಲ."

ಹಾಸಿಗೆ ಹಾಸಿಕೊಟ್ಟೆ. ಮಿರಜಿನ ಆಸ್ಪತ್ರೆಯಲ್ಲಿ ಅವಳದು ಆಪರೇಶನ್ನಿನ ಸಾಮಾನು ತೊಳೆದು ಕುದಿಸಿಡುವ ಕೆಲಸ. ಇಲ್ಲಿಂದಲೇ ಬಸ್ಸು ಹಿಡಿದು ಹೋಗಿಬರತೊಡಗಿದಳು.

ತಿಂಗಳು ತುಂಬಿದ ಮೇಲೆ ಅಣ್ಣ ಮಗನನ್ನು ಕರೆದುಕೊಂಡು ಬಂದ. ನಮ್ಮಲ್ಲಿ ಮಾತು ಕೊಡುವುದೆಂದರೆ ಕಂಬಳಿಯ ಮೇಲೆ ಕುಳಿತು ಕೊಡಬೇಕು. ನನ್ನ ಅಪ್ಪ ತನ್ನ ಕುರಿಗಳ ಉಣ್ಣೆಯಿಂದಲೇ ನೇಯಿಸಿದ ಕರಿ ಕಂಬಳಿ ನನ್ನ ಟ್ರಂಕಿನಲ್ಲಿದೆ. ಅದನ್ನು ನಾಲ್ಕು ಮಡಿಕೆ ಮಾಡಿ ಗದ್ದುಗೆಯ ಹಾಗೆ ಹಾಸಿದೆವು. ಅಣ್ಣ ಅದರ ಮೇಲೆ ಬೀರದೇವರ ಭಂಡಾರ ಉದುರಿಸಿದ. ಆ ಅರಿಶಿನ ಪುಡಿ ಬಿದ್ದ ಮೇಲೆ ಆಡಿದ ಮಾತು ನಮಗೆ ದೇವರೆದುರು ಆಡಿದ್ದು.

"ಹೇಳು, ಬಿಟ್ಟೇನಿ ಅನ್ನು," ಎಂದ ಅಣ್ಣ.

ಅಜಿತ ಕಂಬಳಿಯ ಅಂಚು ಹಿಡಿದುಕೊಂಡು ಕುಳಿತ. "ಬಿಟ್ಟೇನಿ ಅಂತ ಮೂರ ಸಲ ಅಂದೇನಪ್ಪಾ. ಮೂರೂ ಸಲ ಸುಳ್ಳಾತು. ಇದರ ಮ್ಯಾಲೆ ಕುಂತ ನಾಲ್ಕನೇ ಸುಳ್ಳ ಹೇಳೂದಿಲ್ಲ."

"ಮತ್ತ ಯಾಕ ಕುಂತಿ? ಬಿಸಲ ಕಾಯಿಸಾಕ?"

"ನನ್ನ ಕೈಲೆ ಮಾಡಿದ್ದಷ್ಟ ಕುಡೀತೀನಿ. ವಾರಕ್ಕೊಂದ ಬಾಟಲಿ. ಇಪ್ಪತ್ನಾಲ್ಕ ಬಾಟಲಿ ಆಕ್ಕಾವಂತ. ಅವು ಆಗೂತನಕ, ಆದ ಮ್ಯಾಲೆ ಅವು ಇರೂತನಕ, ಅಂಗಡಿ ಮೆಟ್ಟಲಾ ಹತ್ತೂದಿಲ್ಲ."

ಅವನ ಜೊತೆಗೆ ಕೆಲಸ ಮಾಡುವ ಯಾರೋ ಮೊಬೈಲಿನಲ್ಲಿ ತೋರಿಸಿದ್ದರಂತೆ. ಮಾಡಲು ತಿಂಗಳ ಮೇಲೆ ಹಿಡಿಯುತ್ತದಂತೆ. ಅಣ್ಣನಿಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ.

"ಕುಡಿಯೂದು ಬಿಡಾಕ ಸರಾಯಿ ಮಾಡ್ತಾನಂತ ನನ್ನ ಮಗ! ಬೀರವ್ವಾ, ನೀ ಏನಂತಿ?"

ನನಗೆ ಒಂದೇ ಕಂಡದ್ದು. ಬಿಟ್ಟೆ ಎಂದವನು ಅವತ್ತೇ ಸಂಜೆ ಸೋಲುತ್ತಾನೆ. ಕಾಯುತ್ತೇನೆ ಎಂದವನಿಗೆ ನಾಳೆ ಎಂಬುದೊಂದು ಇರುತ್ತದೆ. "ಮಾಡ್ಲಿ. ಆದ್ರ ಅವನ ಮನ್ಯಾಗ ಬ್ಯಾಡ. ಇಲ್ಲಿಡ್ಲಿ, ನಾ ಕಾಯ್ತೀನಿ," ಎಂದೆ.

ಅಡಿಗೆ ಕಟ್ಟೆಯ ಹತ್ತಿರ ನಿಂತಿದ್ದ ಮನಿಷಾ ಹಣೆ ಬಡಿದುಕೊಂಡಳು. "ಭೇಷ್ ಆತು! ದಾರೂ ಬಿಟ್ಟ ನಾ ತವರಿಗೆ ಬಂದೆ. ಈಗ ದಾರೂನೂ ನನ್ನ ಬೆನ್ನ ಹತ್ತಿ ತವರಿಗೆ ಬಂತು!" ಆಮೇಲೆ ಗೋಡೆಗೆ ಹೇಳುವವಳ ಹಾಗೆ ಹೇಳಿದಳು. "ಇಪ್ಪತ್ನಾಲ್ಕೂ ವಾರ ನಡೀಲಿ. ಅವತ್ತ ಬ್ಯಾಗ ಹಿಡದ ಬುಧಗಾಂವಕ್ಕ ಬರ್ತೀನಿ. ಒಂದ ವಾರ ತಪ್ಪಿದ್ರೂ ಇಲ್ಲ."

ಹೀಗೆ ನನ್ನ ಮಗಳ ಸಂಸಾರ ಇನ್ನೂ ಹುಟ್ಟದ ಇಪ್ಪತ್ನಾಲ್ಕು ಬಾಟಲಿಗಳ ಮೇಲೆ ನಿಂತಿತು. ಅವುಗಳನ್ನು ಕಾಯುವವಳು ನಾನು.

ಮೊದಲ ಭಾನುವಾರ ಅಜಿತ ಡಬ್ಬಿ ಬಿಚ್ಚಿದ. ಮುಚ್ಚಳವಿದ್ದ ಒಂದು ದೊಡ್ಡ ಪ್ಲಾಸ್ಟಿಕ್ ಬಕೆಟ್ಟು, ಅದರ ಬುಡದಲ್ಲಿ ನಲ್ಲಿ. ಒಂದು ತಗಡಿನ ಡಬ್ಬದಲ್ಲಿ ಕಾಕಂಬಿಯಷ್ಟೇ ದಪ್ಪಗೆ, ಅಷ್ಟೇ ಕಪ್ಪಗಿದ್ದ ಪಾಕ. ಒಂದು ಪುಡಿಕೆ ಯೀಸ್ಟು. ಮುಚ್ಚಳದ ತೂತಿಗೆ ಸಿಕ್ಕಿಸುವ ಒಂದು ಸೊಟ್ಟ ಕೊಳವೆ. ಅದರಲ್ಲಿ ನೀರು ಹಾಕಿಟ್ಟರೆ ಒಳಗಿನ ಗಾಳಿ ಗುಳುಗುಳು ಎಂದು ಹೊರಗೆ ಬರುತ್ತದೆ, ಹೊರಗಿನದು ಒಳಗೆ ಹೋಗುವುದಿಲ್ಲ. ಎಷ್ಟು ಸಿಹಿ ಉಳಿದಿದೆ ಎಂದು ತೋರಿಸುವ, ಗೆರೆ ಹಾಕಿದ ಗಾಜಿನ ತೇಲುಕಡ್ಡಿ. ಇಂಗ್ಲಿಷಿನಲ್ಲಿದ್ದ ಸೂಚನೆಗಳನ್ನು ಅಜಿತ ಯಾರಿಂದಲೋ ಮರಾಠಿಗೆ ಮಾಡಿಸಿ, ಒಂದು ಹಾಳೆಯಲ್ಲಿ ಬರೆದು ತಂದಿದ್ದ. ಅದನ್ನು ಓದಿ ಹೇಳುವ ಕೆಲಸ ನನ್ನದಾಯಿತು.

ಪರವಾನಿಗೆ ಇಲ್ಲದೆ ಇದನ್ನು ಮನೆಯಲ್ಲಿ ಮಾಡುವುದು ಕಾಯಿದೆಗೆ ಒಪ್ಪುವುದಿಲ್ಲ ಎಂದು ಮನಿಷಾ ಆಸ್ಪತ್ರೆಯಲ್ಲಿ ಕೇಳಿಕೊಂಡು ಬಂದಿದ್ದಳು. ಆದ್ದರಿಂದ ಮುಂಬಾಗಿಲು ಮುಚ್ಚಿಕೊಂಡು ಕುಳಿತೆವು. ಅವಳು ಮಾತ್ರ ಬೆನ್ನು ತಿರುಗಿಸಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಅಜಿತ ಪಾಕಕ್ಕೆ ನೀರು ಕೂಡಿಸಿ, ಆರಿಸಿ, ಯೀಸ್ಟಿನ ಪುಡಿಕೆ ಹರಿಯಲು ಕೈ ಹಾಕಿದ್ದನಷ್ಟೆ.

"ಕೈ ತೊಳಕೊಂಡೀರೇನು?"

ಅಜಿತ ನನ್ನ ಮುಖ ನೋಡಿದ. ನಲವತ್ತು ದಿನಗಳಲ್ಲಿ ಅವಳು ಅವನಿಗೆ ಆಡಿದ ಮೊದಲ ಮಾತು ಅದು.

"ತೊಳಕೊಂಡೇನಿ."

"ಹಂಗಲ್ಲ. ಮೊಣಕೈತನಕ. ಸಾಬಾಣ ಹಚ್ಚಿ ಇಪ್ಪತ್ತ ಎಣಸಬೇಕು. ಆ ಸೌಟ ಎಲ್ಲಿಂದ ತಂದ್ರಿ? ನೆಲದ ಮ್ಯಾಲಿಂದಾ? ಇಡ್ರಿ ಕೆಳಗ."

ಎದ್ದು ಬಂದು ಸೌಟು ಕಿತ್ತುಕೊಂಡು ಕುದಿಯುವ ನೀರಿಗೆ ಹಾಕಿದಳು. ಆಮೇಲೆ ಮತ್ತೆ ಮೆಂತ್ಯದ ಹತ್ತಿರ ಹೋಗಿ ಕುಳಿತಳು. ಆದರೆ ಈ ಸಲ ಬೆನ್ನು ತಿರುಗಿಸಿರಲಿಲ್ಲ.

ಬಕೆಟ್ಟು ನಡುಮನೆಯ ಮೂಲೆಯಲ್ಲಿ ಕುಳಿತಿತು. ಬೆಚ್ಚಗಿರಬೇಕು ಎಂದು ಹಾಳೆಯಲ್ಲಿತ್ತು. ಬೆಚ್ಚಗೆ ಎಂದರೆ ನನಗೆ ಗೊತ್ತಿರುವುದು ಒಂದೇ. ಚಳಿಯಲ್ಲಿ ಹುಟ್ಟಿದ ಮರಿಯನ್ನು ಅಪ್ಪ ಕಂಬಳಿಯಲ್ಲಿ ಸುತ್ತಿ ಕೊಡುತ್ತಿದ್ದ. ಬೆಳಗಾಗುವುದರೊಳಗೆ ಅದು ಕಾಲ ಮೇಲೆ ನಿಂತಿರುತ್ತಿತ್ತು. ಟ್ರಂಕಿನಿಂದ ಕರಿ ಕಂಬಳಿ ತೆಗೆದು ಬಕೆಟ್ಟಿಗೆ ಎರಡು ಸುತ್ತು ಸುತ್ತಿದೆ, ಕೊಳವೆಯೊಂದು ಹೊರಗೆ ಕಾಣುವ ಹಾಗೆ.

ಮರುದಿನ ಬೆಳಿಗ್ಗೆ ಅದು ಮಾತಾಡತೊಡಗಿತು. ಗುಳುಕ್. ಸ್ವಲ್ಪ ತಡೆದು, ಗುಳುಕ್. ರೊಟ್ಟಿ ಬಡಿಯುವಾಗಲೂ ನನ್ನ ಕಿವಿ ಅಲ್ಲೇ. ಮನಿಷಾ ಮೊದಲೆರಡು ದಿನ ಕೇಳದವಳ ಹಾಗೆ ಓಡಾಡಿದಳು. ಮೂರನೆಯ ದಿನ ಕೆಲಸದಿಂದ ಬಂದವಳು ಕೈಗಡಿಯಾರ ನೋಡುತ್ತಾ ಅದರ ಮುಂದೆ ನಿಂತಿದ್ದಳು.

"ಏನ ಮಾಡಾಕತ್ತಿ?"

"ನಾಡಿ ನೋಡಾಕತ್ತೇನಿ. ನಿಮಿಷಕ್ಕ ಇಪ್ಪತ್ತೆರಡ ಐತಿ." ನಕ್ಕಳು. "ಪೇಶಂಟ್ ಛಲೋ ಐತಿ ಅಂತ ಹೇಳು ನಿನ್ನ ಅಳಿಯಗ."

ಹೇಳಿದೆ. ಫೋನಿನಲ್ಲಿ ಅಜಿತನ ದನಿ ಗಟ್ಟಿಯಾಗಿತ್ತು. ಅಂಗಡಿಯ ಮುಂದೆ ಬೈಕು ನಿಲ್ಲಿಸದೆ ಹಾಡು ಹಾಡಿಕೊಳ್ಳುತ್ತಾ ಹೋಗುತ್ತೇನೆ ಅತ್ತಿ, ಎಂದ.

ಐದನೆಯ ದಿನ ಅಣ್ಣ ಮ್ಹೈಸಾಳದಿಂದ ಬಂದ. ಮಿರಜಿನಲ್ಲಿ ಕಣ್ಣು ತೋರಿಸಿಕೊಂಡು, ಹಾಗೇ ಇಲ್ಲಿಗೆ. ಒಳಗೆ ಕಾಲಿಟ್ಟವನೇ ಮೂಲೆ ನೋಡಿದ. ಕಣ್ಣಿಗೆ ಔಷಧ ಹಾಕಿಸಿಕೊಂಡಿದ್ದರೂ ಕಂಬಳಿ ಕಂಡಿತು.

"ಬೀರವ್ವಾ! ಆ ಕಂಬಳಿ ಯಾವದು?"

ನಾನು ಕಂಬಳಿಯ ಅಂಚು ಸರಿಮಾಡಿದೆ.

"ಭಂಡಾರ ಬಿದ್ದ ಕಂಬಳಿ ಅದು. ಅಂವ ಅದರ ಮ್ಯಾಲೆ ಕುಂತ ದೇವರ ಮುಂದ ಮಾತ ಕೊಟ್ಟಾನ. ಅದನ್ನ ಒಯ್ದ ಸರಾಯಿ ಗಡಗಿಗೆ ಹೊಚ್ಚಿಯಲ್ಲ! ಅಪ್ಪ ಇದ್ದಿದ್ರ ಏನಂತಿದ್ದ?"

"ಬೆಚ್ಚಗ ಇರಬೇಕಂತ ಅಣ್ಣಾ..."

"ಚಾದರ ಹೊಚ್ಚು. ಗೋಣೀಚೀಲಾ ಹೊಚ್ಚು. ಇದನ್ನ ತಗಿ."

ತೆಗೆದೆ. ತಪ್ಪು ಅನಿಸಿಯೇ ತೆಗೆದೆ. ಅಣ್ಣನ ಅಂಜಿಕೆಯಿಂದಲ್ಲ, ಆ ಗದ್ದುಗೆಗೆ ಮೈಲಿಗೆಯಾಗಿ ಅಜಿತನ ಮಾತು ಕೆಟ್ಟರೆ ಎಂಬ ಅಂಜಿಕೆಯಿಂದ. ಕಂಬಳಿ ಝಾಡಿಸಿ, ಮಡಚಿ ಟ್ರಂಕಿಗೆ ಹಾಕಿ, ಬಕೆಟ್ಟಿಗೆ ಎರಡು ಹಳೆಯ ಚಾದರ ಸುತ್ತಿದೆ. ಆ ವಾರವೇ ಚಳಿ ಬಿತ್ತು. ಬೆಳಿಗ್ಗೆ ಕೊಡದ ನೀರು ಮುಟ್ಟಿದರೆ ಬೆರಳು ಜೋಮು ಹಿಡಿಯುತ್ತಿತ್ತು. ಬಕೆಟ್ಟಿನ ನಾಡಿ ನಿಮಿಷಕ್ಕೆ ಹತ್ತಕ್ಕೆ ಇಳಿಯಿತು, ನಾಲ್ಕಕ್ಕೆ ಇಳಿಯಿತು. ಹತ್ತನೆಯ ದಿನ ನಿಂತೇ ಹೋಯಿತು. ಹಾಳೆ ತೆಗೆದು ನೋಡಿದೆ. 'ಗುಳ್ಳೆ ನಿಂತ ಮೇಲೆ ಬಾಟಲಿಗೆ ತುಂಬಬೇಕು' ಎಂದು ಬರೆದಿತ್ತು. ನಿಂತಿದೆಯಲ್ಲ, ಆಯಿತು ಎಂದುಕೊಂಡೆ.

ಹದಿನಾಲ್ಕನೆಯ ದಿನ ಭಾನುವಾರ. ಅವತ್ತು ಮನಿಷಾ ರಜೆ ಹಾಕಿದ್ದಳು. ನಾನು ಹೇಳಿರಲಿಲ್ಲ, ತಾನಾಗಿಯೇ ಹಾಕಿದ್ದಳು. ಪಕ್ಕದ ಮನೆಯ ಸುಭಾಷನ ಗುಜರಿ ಅಂಗಡಿಯಿಂದ ಅಜಿತ ತಂದಿಟ್ಟಿದ್ದ ಇಪ್ಪತ್ನಾಲ್ಕು ಖಾಲಿ ಬಾಟಲಿಗಳನ್ನು ನಸುಕಿನಲ್ಲೇ ತೊಳೆದು, ಕುದಿಸಿ, ಬಾಯಿ ಕೆಳಗೆ ಮಾಡಿ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದಳು. ಆಪರೇಶನ್ನಿಗೆ ಇಟ್ಟ ಹಾಗೆ. ಹಳದಿ ಸೀರೆ ಉಟ್ಟಿದ್ದಳು. ಬುಧಗಾಂವದಿಂದ ಬಂದ ಮೇಲೆ ಅದನ್ನು ಮುಟ್ಟಿರಲಿಲ್ಲ.

ಅಜಿತ ಬಂದು ಗಾಜಿನ ಕಡ್ಡಿ ಇಳಿಬಿಟ್ಟ. ನೋಡಿದ, ಮತ್ತೆ ನೋಡಿದ.

"ಅತ್ತಿ, ಕಡ್ಡಿ ಹತ್ತರ ಗೆರಿತನಕ ಮುಣಗಬೇಕಂತ. ಇಪ್ಪತ್ತೆರಡಕ್ಕ ನಿಂತೈತಿ. ಇನ್ನೂ ಸಿಹಿ ಉಳದೈತಿ."

"ಗುಳ್ಳಿ ನಿಂತ ನಾಲ್ಕ ದಿನ ಆತು. ನಾ ಎಣಿಸೇನಿ."

"ಖರೇನ್ರಿ?"

"ಸುಳ್ಳ ಹೇಳ್ತೀನೇನೊ?"

"ಹಂಗಲ್ರಿ. ಮತ್ತೊಂದ ವಾರ ಬಿಟ್ಟ ನೋಡೂಣೇನು?"

ಮನಿಷಾ ಬಿಳಿ ಬಟ್ಟೆಯ ಹತ್ತಿರ ಕುಳಿತು ಇಬ್ಬರನ್ನೂ ನೋಡುತ್ತಿದ್ದಳು. ಕೈಯಲ್ಲಿ ಮುಚ್ಚಳ ಒತ್ತುವ ಹಿಡಿಕೆ. ಮುಂದಿನ ವಾರ ಅವಳಿಗೆ ರಜೆ ಸಿಗುತ್ತದೋ ಇಲ್ಲವೋ. ಸಿಕ್ಕರೂ ಮನಸ್ಸು ಇರುತ್ತದೋ ಇಲ್ಲವೋ. ಹಳದಿ ಸೀರೆ ಮತ್ತೆ ಉಟ್ಟಾಳೋ ಇಲ್ಲವೋ. ಕಂಬಳಿ ತೆಗೆದ ಸಂಗತಿ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಇವತ್ತ ತುಂಬ್ರಿ," ಎಂದೆ.

ತುಂಬಿದರು. ಅವನು ನಲ್ಲಿ ತಿರುವುತ್ತಿದ್ದ, ಅವಳು ಬಾಟಲಿ ಹಿಡಿಯುತ್ತಿದ್ದಳು. ಒಂದೊಂದಕ್ಕೂ ನಾನು ಒಂದೊಂದು ಸಣ್ಣ ಚಮಚ ಸಕ್ಕರೆ ಹಾಕುತ್ತಿದ್ದೆ. ಬಾಟಲಿಯೊಳಗೆ ಗ್ಯಾಸು ಹುಟ್ಟಲು ಅಷ್ಟು ಬೇಕಂತೆ. ಮುಚ್ಚಳವನ್ನು ಇಬ್ಬರೂ ಕೂಡಿಯೇ ಒತ್ತಬೇಕಾಯಿತು. ಹಿಡಿಕೆ ಬಿಗಿಯಾಗಿತ್ತು.

"ಜೋರ್ ಹಾಕ್ರಿ. ಫೌಂಡ್ರಿಯಾಗ ಇಷ್ಟ ದಿನಾ ಹೂ ಕಟ್ಟತಿದ್ರೇನು?"

"ಬೆರಳ ತಗಿ ಮೊದಲ. ಆಮ್ಯಾಲೆ ನಿಮ್ಮ ಆಸ್ಪತ್ರಿಗೇ ಒಯ್ಯಬೇಕಾಕ್ಕತಿ."

"ಒಯ್ರಿ. ನನಗ ಫುಕಟ್ ಐತಿ."

ಇಪ್ಪತ್ನಾಲ್ಕು ಬಾಟಲಿ ತುಂಬಿತು. ಮಧ್ಯಾಹ್ನ ಮೂವರೂ ಕೂಡಿ ಉಂಡೆವು. ಅವನು ಹೊರಟಾಗ ಅವಳು ಬಾಗಿಲ ತನಕ ಹೋದಳು. ಅವತ್ತು ನನಗೆ ಎಷ್ಟು ಸುಖವಾಗಿತ್ತೆಂದರೆ, ಕಂಬಳಿಯ ಮಾತು ಮರೆತೇ ಹೋಯಿತು.

ಮೂರು ವಾರ ಕಾದು, ಸಂಕ್ರಾಂತಿ ಮುಗಿದ ಭಾನುವಾರ ಮೊದಲನೆಯದನ್ನು ತೆರೆದರು. ಸದ್ದೇ ಆಗಲಿಲ್ಲ. ಅಜಿತ ಒಂದು ಗುಟುಕು ಕುಡಿದು ಮುಖ ಕಿವಿಚಿದ.

"ಸಕ್ಕರಿ ನೀರ ಐತ್ರಿ ಅತ್ತಿ. ಗ್ಯಾಸೇ ಇಲ್ಲ."

ನಾನು ಹಾಳೆ ಓದಿದೆ. 'ಗ್ಯಾಸ್ ಬರದಿದ್ದರೆ ಎರಡು ವಾರ ಬೆಚ್ಚನೆಯ ಜಾಗದಲ್ಲಿ ಇಡಿ.' ಮನೆಯ ಹಿಂದೆ ತಗಡಿನ ಪತ್ರೆಯ ಮಾಡಿನ ಸಣ್ಣ ಖೋಲಿ ಇದೆ, ಕಟ್ಟಿಗೆ ಇಡುವುದು. ಹೊತ್ತೇರಿದರೆ ಒಲೆಯ ಹಾಗೆ ಕಾಯುತ್ತದೆ. ಉಳಿದ ಇಪ್ಪತ್ಮೂರು ಬಾಟಲಿಗಳನ್ನು ನಾನೇ ಒಂದೊಂದಾಗಿ ಸೆರಗಿನಲ್ಲಿ ಹಿಡಿದು ಅಲ್ಲಿಗೆ ಸಾಗಿಸಿದೆ. ಅಜಿತ ಆ ಸಿಹಿ ನೀರನ್ನು ಪೂರ್ತಿ ಕುಡಿದು ಬಾಟಲಿ ತೊಳೆದಿಟ್ಟ. "ಒಂದ ವಾರ ಆತು," ಎಂದು ಮನಿಷಾಳ ಕಡೆ ನೋಡಿದ. ಅವಳು ಕ್ಯಾಲೆಂಡರಿನ ಮೇಲೆ ಗೆರೆ ಎಳೆದಳು. ಗ್ಯಾಸ್ ಬರುವ ತನಕ ಇನ್ನೊಂದನ್ನು ತೆರೆಯುವುದು ಬೇಡ, ಕುಡಿಯದೆಯೇ ಕಾಯುತ್ತೇನೆ ಎಂದು ಅವನೇ ಹೇಳಿದ.

ಫೆಬ್ರುವರಿ ಬರುತ್ತಲೇ ಬಿಸಿಲು ಚುರುಕಾಯಿತು.

ಮಂಗಳವಾರ. ಮಧ್ಯಾಹ್ನ ಮೂರರ ಸುಮಾರಿಗೆ ನಾನು ಅಕ್ಕಿ ಆರಿಸುತ್ತಾ ಕುಳಿತಿದ್ದೆ, ಮನಿಷಾ ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದಳು. ಹಿಂದಿನ ಖೋಲಿಯಲ್ಲಿ ಢಮ್ ಎಂದು ಸದ್ದಾಯಿತು. ಪತ್ರೆಗೆ ಏನೋ ಬಡಿದು ಝಣಝಣ ಉದುರಿತು. ನಾವು ಎದ್ದು ನಿಲ್ಲುವುದರೊಳಗೆ ಮತ್ತೊಂದು.

ಓಡಿ ಹಿಂದಿನ ಅಂಗಳಕ್ಕೆ ಹೋದೆವು. ಖೋಲಿಯ ಬಾಗಿಲ ಸಂದಿನಿಂದ ನೊರೆ ಹರಿದು ಬರುತ್ತಿತ್ತು. ಚಿಲಕಕ್ಕೆ ಕೈ ಚಾಚಿದೆ. ಒಳಗೆ ಇನ್ನೊಂದು ಸಿಡಿಯಿತು. ಗಾಜಿನ ಒಂದು ಚೂರು ಬಾಗಿಲ ಸಂದಿನಿಂದ ಹಾರಿ ನನ್ನ ಕಾಲ ಹತ್ತಿರ ಬಿದ್ದಿತು. ಮನಿಷಾ ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದಳು.

"ಮೂರ," ಎಂದಳು.

ಆಗ ನನಗೆ ತಿಳಿಯಿತು, ಅವಳು ಏನನ್ನು ಎಣಿಸುತ್ತಿದ್ದಾಳೆ ಎಂದು. ಬಾಟಲಿಗಳನ್ನಲ್ಲ. ವಾರಗಳನ್ನು.

ಪಕ್ಕದ ಗೋಡೆಯ ಮೇಲೆ ಸುಭಾಷನ ಹೆಂಡತಿ ಸೋನಲಳ ತಲೆ ಕಾಣಿಸಿತು. "ಕಾಕೂ, ಗ್ಯಾಸಿನ ಟಾಕಿ ಸಿಡೀತೇನ್ರಿ?" ಎಂದು ಮರಾಠಿಯಲ್ಲಿ ಕೂಗಿದಳು. ಅವಳ ಹಿಂದೆ ಸುಭಾಷ ಬಂದು ಗಾಳಿ ಮೂಸಿದ. ಅವನಿಗೆ ತನ್ನ ಬಾಟಲಿಗಳು ನೆನಪಾಗಿರಬೇಕು. "ಟಾಕಿ ಅಲ್ಲ ಗ, ಕಾಕೂ ಈ ವರ್ಷ ದೀಪಾವಳಿ ಲಗೂನ ಮಾಡಾಕತ್ತಾರ," ಎಂದ. ಯಾರೋ ನಕ್ಕರು. ಇನ್ನೊಂದು ಸಿಡಿದದ್ದೇ ಎಲ್ಲರ ತಲೆಗಳೂ ಗೋಡೆಯ ಕೆಳಗೆ ಹೋದವು.

ಮನಿಷಾ ಅಜಿತನಿಗೆ ಫೋನ್ ಮಾಡಿದಳು. ಹತ್ತು ನಿಮಿಷದಲ್ಲಿ ಬಂದ, ಮೈಯೆಲ್ಲ ಫೌಂಡ್ರಿಯ ಕರಿ ಉಸುಕು. ಅಷ್ಟರೊಳಗೆ ಹನ್ನೊಂದು ಹೋಗಿದ್ದವು. ಬೈಕು ನಿಲ್ಲಿಸದೆ ಕೆಡವಿ ನೆಟ್ಟಗೆ ಖೋಲಿಯ ಕಡೆ ಓಡಿದ. ಮನಿಷಾ ಹಿಂದಿನಿಂದ ಅಂಗಿ ಹಿಡಿದಳು.

"ಬಿಡು! ನೀರ ಸುರುವಿದ್ರ ಉಳದಾವ ಉಳೀತಾವ!"

"ಕಣ್ಣ ಹೋಗ್ತಾವ!"

"ಹೋಗ್ಲಿ ಬಿಡು. ಹನ್ನೆರಡ ಅದಾವ ಇನ್ನ!"

"ಕುಡ್ಡನ್ನ ಕಟಗೊಂಡ ನಾ ಏನ ಮಾಡ್ಲಿ? ಕುಡುಕನ್ನರ ಹೆಂಗರ ಸಂಬಾಳಸಬೌದು!"

ಅವನ ಮೈಯಲ್ಲಿ ಅವಳನ್ನು ಝಾಡಿಸಿ ಬಿಸಾಕುವಷ್ಟು ಕಸುವಿತ್ತು. ಝಾಡಿಸಲಿಲ್ಲ. ಅಲ್ಲೇ ನೆಲದ ಮೇಲೆ ಕುಸಿದು ಕುಳಿತ. ಅವಳೂ ಅಂಗಿ ಬಿಡದೆ ಪಕ್ಕದಲ್ಲಿ ಕುಳಿತಳು. ಮೂವರೂ ಆ ಬಾಗಿಲು ನೋಡುತ್ತಾ ಕುಳಿತೆವು. ನನ್ನ ಗಂಡ ಜ್ವರದಲ್ಲಿ ಮಲಗಿದ್ದಾಗಲೂ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕುವ ಕೆಲಸವಾದರೂ ನನಗಿತ್ತು. ಇಲ್ಲಿ ಅದೂ ಇರಲಿಲ್ಲ. ಒಂದು ಸಿಡಿಯುತ್ತಿತ್ತು. ಇನ್ನು ಮುಗಿಯಿತೇನೋ ಎನ್ನುವಷ್ಟು ಹೊತ್ತು ಸುಮ್ಮನಿರುತ್ತಿತ್ತು. ಮತ್ತೊಂದು. ಏಪ್ರಿಲ್ ಹೋಯಿತು, ಮೇ ಹೋಯಿತು, ಮುಂಗಾರಿನ ವಾರಗಳೂ ಹೋದವು. ಬಿಸಿಲು ಇಳಿಯುವ ಹೊತ್ತಿಗೆ ಇಪ್ಪತ್ತೆರಡು ಎಣಿಸಿದ್ದೆವು.

ಆಮೇಲೆ ಸದ್ದಿಲ್ಲ. ಅಜಿತ ಉದ್ದನೆಯ ಕೋಲಿನಿಂದ ಬಾಗಿಲು ನೂಕಿದ. ನೆಲ, ಗೋಡೆ, ಕಟ್ಟಿಗೆಯ ಮೇಲೆಲ್ಲ ಗಾಜು. ಮೂಲೆಯಲ್ಲಿ ಒಂದು ಬಾಟಲಿ ನೆಟ್ಟಗೆ ನಿಂತಿತ್ತು. ಅದರ ಮುಚ್ಚಳ ನಡುವೆ ಉಬ್ಬಿತ್ತು.

ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿದೆ. ಕಂಬಳಿ ಸುತ್ತಿದ್ದು, ಅಣ್ಣ ಬೈದದ್ದು, ನಾನು ತೆಗೆದದ್ದು, ಚಳಿಗೆ ಗುಳ್ಳೆ ನಿಂತದ್ದು, ನಿಂತಿತೆಂದು ನಾನು ತುಂಬಿಸಿದ್ದು. ಚಳಿಗೆ ಮಲಗಿದ್ದ ಯೀಸ್ಟು ಖೋಲಿಯ ಕಾವಿಗೆ ಬಾಟಲಿಯೊಳಗೇ ಎದ್ದಿತ್ತು. ಅಜಿತನಿಗೆ ಇದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಅವತ್ತ ಕಡ್ಡಿ ಖರೇ ಹೇಳಿತ್ತ್ರಿ ಅತ್ತಿ," ಎಂದ. "ನೀವು ಹೇಳಬೇಕಿತ್ತ್ರಿ."

ಬೈದಿದ್ದರೆ ಚಲೋ ಇತ್ತು. ಬೈಯಲಿಲ್ಲ.

ಇನ್ನೊಂದು ಡಬ್ಬಿ ತರಿಸುವ ಮಾತು ಹುಟ್ಟುವ ಮೊದಲೇ ಸತ್ತಿತು. ಮತ್ತೆ ಇಂಥದ್ದು ನಡೆದರೆ ಪೊಲೀಸರಿಗೆ ತಾನೇ ಹೇಳುತ್ತೇನೆ ಎಂದು ಸೋನಲ ಗೋಡೆಯ ಮೇಲಿಂದ ಹೇಳಿ ಹೋಗಿದ್ದಳು. ಅವಳದೂ ತಪ್ಪಲ್ಲ, ಪತ್ರೆಯ ಸಂದಿನಿಂದ ಹಾರಿದ ಗಾಜು ಅವಳ ಮಗು ಆಡುವ ಅಂಗಳದಲ್ಲೂ ಬಿದ್ದಿತ್ತು. ಅಜಿತ ತನ್ನ ಅಪ್ಪನಿಗೆ ಫೋನ್ ಮಾಡಿದ. ದನಿ ದೊಡ್ಡದಾಗಿಟ್ಟಿದ್ದ, ನಮಗೆಲ್ಲ ಕೇಳಿಸುತ್ತಿತ್ತು.

"ಅಪ್ಪಾ, ಈಗ ನನ್ನ ಮಾತ ಎಲ್ಲಿ ಬಂತು?"

ಆ ಕಡೆ ಕುರಿಗಳ ಸದ್ದು. ಆಮೇಲೆ ಅಣ್ಣನ ದನಿ ಬಂತು. "ಬಾಟಲಿ ಇರೂತನಕ ಅಂದಿದ್ದೆಲ್ಲೊ? ಒಂದ ಐತಿ ಅಂತಿ. ಅದ ಇರೂತನಕ ಮಾತ ಐತಿ."

"ಅದನ್ನ ಕುಡದ್ರ?"

"ಕುಡದ್ರ ಮುಗೀತು."

"ಒಡದ್ರ?"

ಅಣ್ಣ ಕುರಿಯೊಂದನ್ನು ಬೈಯುತ್ತಾ ಫೋನು ಇಟ್ಟ.

ಅಜಿತ ಆ ಬಾಟಲಿಯನ್ನು ದೂರದಿಂದ ನೋಡಿದ. "ಕುಡಿಯೂದಿಲ್ಲ ನಾ ಅದನ್ನ," ಎಂದ. ಮನಿಷಾ ಆಗಲೂ ಅಂಗಿ ಬಿಟ್ಟಿರಲಿಲ್ಲ. "ಮಳಿಗಾಲತನಕ ಅದ ನಿಲ್ಲಲಿ," ಎಂದಳು. "ಮಳಿ ಬಿದ್ದ ದಿನ ಬ್ಯಾಗ ಹಿಡೀತೀನಿ." ಮಳೆಗೆ ಇನ್ನೂ ನಾಲ್ಕು ತಿಂಗಳಿತ್ತು.

ಅದನ್ನು ಮುಟ್ಟುವ ಹಾಗಿರಲಿಲ್ಲ. ತಂಪಿನ ಜಾಗಕ್ಕೆ ಎತ್ತಿ ಒಯ್ಯುವಾಗ ಕೈಯಲ್ಲೇ ಸಿಡಿದರೆ? ನೀರಿನ ಗಡಿಗೆಗೆ ಒದ್ದೆ ಬಟ್ಟೆ ಸುತ್ತಿಟ್ಟರೆ ಎಂಥ ಬಿಸಿಲಿಗೂ ಅದು ತಣ್ಣಗಿರುತ್ತದೆ. ಇದಕ್ಕೂ ಹಾಗೇ ಮಾಡಬೇಕು. ಬಟ್ಟೆ ಬೇಗ ಒಣಗುತ್ತದೆ, ಉಣ್ಣೆ ಒಣಗುವುದಿಲ್ಲ. ಟ್ರಂಕು ತೆರೆದೆ. ಅಣ್ಣನನ್ನು ಕೇಳಲಿಲ್ಲ. ಕರಿ ಕಂಬಳಿಯನ್ನು ನೀರಲ್ಲಿ ಅದ್ದಿ, ಎರಡು ಕೋಲಿನ ತುದಿಗೆ ಸಿಕ್ಕಿಸಿ, ಮುಖ ತಿರುಗಿಸಿಕೊಂಡು ಆ ಬಾಟಲಿಯ ಮೇಲೆ ಇಳಿಬಿಟ್ಟೆ. ಭಂಡಾರದ ಹಳದಿ ನೀರು ನೆಲದ ಮೇಲೆ ಹರಿಯಿತು.

ಅವತ್ತಿನಿಂದ ದಿನಾ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಒಂದೊಂದು ತಂಬಿಗೆ ನೀರು. ಬೇರೆ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ನನ್ನ ಕಣ್ಣು ಹೋದರೂ ಅಂಥ ನಷ್ಟವೇನಿಲ್ಲ, ನೋಡುವುದನ್ನೆಲ್ಲ ನೋಡಿದ್ದಾಗಿದೆ. ಭಾನುವಾರ ಅಜಿತ ಬಂದು ಅಂಗಳದಲ್ಲಿ ನಿಂತು ಕೇಳುತ್ತಿದ್ದ.

"ಐತೇನ್ರಿ ಅತ್ತಿ?"

"ಐತಪ್ಪಾ."

ಅಷ್ಟೇ. ಆಮೇಲೆ ಒಳಗೆ ಬಂದು ಚಹಾ ಕುಡಿಯುತ್ತಿದ್ದ. ಕುಡಿತದಿಂದ ಬಂದಿದ್ದ ಮುಖದ ಬಾವು ಇಳಿದಿತ್ತು. ಮಿರಜಿನ ಬಸ್ಸು ತಪ್ಪಿದ ದಿನ ಮನಿಷಾಳನ್ನು ಬೈಕಿನ ಮೇಲೆ ಕರೆದುಕೊಂಡು ಬರುತ್ತಿದ್ದ. ಅವರ ನಗು ಓಣಿಯ ತಿರುವಿನಿಂದಲೇ ನನಗೆ ಕೇಳುತ್ತಿತ್ತು. ಒಮ್ಮೆ ಅಂಗಡಿಯವನೇ ಇವನನ್ನು ನಿಲ್ಲಿಸಿ, "ಮೈಯಾಗ ಆರಾಮ ಇಲ್ಲೇನು?" ಎಂದು ಕೇಳಿದನಂತೆ. ಆ ಕತೆ ಹೇಳುವಾಗ ಅಜಿತನಿಗೆ ನಗು ತಡೆಯಲಿಲ್ಲ.

ಮಾರ್ಚ್ ಕೊನೆಯ ಗುರುವಾರ ಮಧ್ಯಾಹ್ನ ನಾನು ತಂಬಿಗೆ ಹಿಡಿದು ಹಿಂದಿನ ಬಾಗಿಲ ತನಕ ಬಂದಿದ್ದೆ. ಒಳಗೆ ದಪ್ಪಗೊಂದು ಸದ್ದಾಯಿತು. ಚೀಲ ಕೆಳಗೆ ಬಿದ್ದ ಹಾಗೆ, ಅಷ್ಟೇ. ನೆನೆದ ಉಣ್ಣೆ ಸದ್ದನ್ನು ನುಂಗಿತ್ತು. ಸೋನಲಳ ತಲೆ ಗೋಡೆಯ ಮೇಲೆ ಬರಲಿಲ್ಲ. ಓಣಿಯಲ್ಲಿ ಯಾರಿಗೂ ಕೇಳಿಸಲಿಲ್ಲ. ಮನಿಷಾ ಮಿರಜಿನಲ್ಲಿದ್ದಳು.

ಬಾಗಿಲು ತೆರೆದು ನೋಡಿದೆ. ಕಂಬಳಿ ನಡುವೆ ಕುಸಿದು ನೆಲಕ್ಕೆ ಚಪ್ಪಟೆಯಾಗಿತ್ತು. ಅದರ ಅಂಚಿನಿಂದ ತೆಳ್ಳಗೆ ನೊರೆ ಬರುತ್ತಿತ್ತು. ಬಹಳ ಹೊತ್ತು ನಿಂತೆ. ಆಮೇಲೆ ಒಲೆಯ ಹತ್ತಿರದಿಂದ ಒಂದು ಸಣ್ಣ ಗಡಿಗೆ ತಂದು, ಕಂಬಳಿಯ ಒಂದು ಮೂಲೆ ಎತ್ತಿ, ಗಾಜಿನ ನಡುವೆ ಬೋರಲಾಗಿ ಇಟ್ಟು ಮತ್ತೆ ಮುಚ್ಚಿದೆ. ಮೊದಲಿನ ಹಾಗೆಯೇ ಎತ್ತರ ಬಂತು. ಬೆರಳಿಗೆ ಎರಡು ಕಡೆ ಗಾಯವಾಗಿತ್ತು. ಅರಿಶಿನ ಹಚ್ಚಿ, ಈಳಿಗೆ ತಾಗಿತು ಎಂದು ಮನಿಷಾಗೆ ಹೇಳಿದೆ. ವಾಸನೆ ಹೋಗಲೆಂದು ನೆಲಕ್ಕೆ ಸಗಣಿ ಸಾರಿಸಿ ಊದಿನಕಡ್ಡಿ ಹಚ್ಚಿದೆ.

ಭಾನುವಾರ ಬಂತು.

"ಐತೇನ್ರಿ ಅತ್ತಿ?"

ನಲವತ್ತು ವರ್ಷ ಅವನ ಅತ್ತಿಯಾಗಿದ್ದೇನೆ. ಅವನ ಮುಖ ನೋಡದೆ ಹೇಳಿದೆ. "ಐತಪ್ಪಾ."

ಕಂಬಳಿಯ ಮೇಲೆ ಕುಳಿತು ಅವನು ಸುಳ್ಳು ಹೇಳಲಿಲ್ಲ. ಈಗ ಅದೇ ಕಂಬಳಿಯ ಕೆಳಗೆ ನಾನು ಒಂದನ್ನು ಇಟ್ಟು, ದಿನಕ್ಕೆ ಮೂರು ಸಲ ನೀರು ಹಾಕುತ್ತಿದ್ದೇನೆ. ದೇವರು ಇದನ್ನು ಯಾರ ಮೇಲೆ ಹಾಕುತ್ತಾನೋ ತಿಳಿಯದು. ಅಣ್ಣನಿಗೆ ಹೇಳಿದರೆ ಮಾತು ಮುಗಿಯಿತು ಎನ್ನುತ್ತಾನೆ. ಅಜಿತನಿಗೆ ಹೇಳಿದರೆ ಅವನು ಸುಮ್ಮನೆ ಬೈಕು ಹತ್ತುತ್ತಾನೆ. ಬುಧಗಾಂವದ ದಾರಿಯಲ್ಲಿ ಆ ಮೂರು ಮೆಟ್ಟಿಲು ಇದ್ದೇ ಇವೆ. ಮಳೆಗೆ ಇನ್ನೂ ಎರಡು ತಿಂಗಳಿಗೆ ಹೆಚ್ಚಿದೆ. ಬೇಗ ತರಿಸುವುದು ನನ್ನ ಕೈಯಲ್ಲಿಲ್ಲ.

ನಿನ್ನೆ ಬೆಳಿಗ್ಗೆ ಎದ್ದವಳು ಸ್ವಲ್ಪ ತಡವಾಗಿ ತಂಬಿಗೆ ಹಿಡಿದು ಖೋಲಿಗೆ ಹೋದೆ. ಮನಿಷಾ ಆರು ಗಂಟೆಯ ಬಸ್ಸಿಗೆ ಹೋಗಿಬಿಟ್ಟಿದ್ದಳು. ಕಂಬಳಿ ಆಗಲೇ ನೆನೆದಿತ್ತು. ನೀರು ಇನ್ನೂ ಅಂಚಿನಿಂದ ತೊಟ್ಟಿಕ್ಕುತ್ತಿತ್ತು. ನಾಲ್ಕೂ ಮೂಲೆ ಎಳೆದು, ಸುಕ್ಕಿಲ್ಲದ ಹಾಗೆ ಸರಿಮಾಡಿ, ಆಸ್ಪತ್ರೆಯ ಹಾಸಿಗೆಯ ಚಾದರದಂತೆ ಅಂಚು ಒಳಗೆ ಸೇರಿಸಿದ್ದರು. ಅಷ್ಟು ಮಾಡಿದ ಕೈಗೆ ಒಳಗಿರುವುದು ಗಡಿಗೆ ಎಂದು ತಿಳಿಯದೆ ಇರಲು ಸಾಧ್ಯವಿಲ್ಲ. ಬಾಗಿಲ ಹಿಂದೆ ಒಂದು ಕಾಗದದ ಪೊಟ್ಟಣವಿತ್ತು, ಬಿಚ್ಚಿ ನೋಡಿದೆ. ಗಾಜಿನ ಚೂರುಗಳು, ಜೊತೆಗೆ ಉಬ್ಬಿದ ಆ ಒಂದು ಮುಚ್ಚಳ.

ಸಂಜೆ ಅವಳು ಬಂದು ಕಾಲು ತೊಳೆದಳು. ಚಹಾ ಕೊಟ್ಟೆ. ಅವಳು ನನ್ನ ಬೆರಳು ಹಿಡಿದು, ಪಟ್ಟಿ ಬಿಚ್ಚಿ ಗಾಯ ನೋಡಿದಳು. ಆಸ್ಪತ್ರೆಯಿಂದ ತಂದ ಮುಲಾಮು ಹಚ್ಚಿ ಹೊಸ ಪಟ್ಟಿ ಕಟ್ಟಿದಳು.

"ಇವತ್ತ ಭಾಳ ಬಿಸಲಿತ್ತ ಅವ್ವಾ," ಎಂದಳು. "ನಾಳಿಂದ ಬೆಳಗಿನ ನೀರ ನಾ ಹಾಕ್ತೀನಿ. ನೀ ಮಧ್ಯಾನ್ಹದ್ದ ನೋಡು."